ಹಕ್ಕಿಯ ಕೊಕ್ಕಿನಲ್ಲಿ ಏನಿದೆ, ನೋಡಿ

(ಯುಗಾದಿಗೆ ಸ್ವಲ್ಪ ಮುಂಚೆ ಮೈಸೂರಿನ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಕ್ಕಿ ನೋಡುವುದು ಅಂದರೆ ದೊಡ್ಡ ಕ್ಯಾಮೆರಾ ಹಿಡಿದು ರಂಗನತಿಟ್ಟಿಗೋ ಕಬಿನಿಗೋ ಹೋಗುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಹೋಗಬೇಕು, ಅದೂ ಚೆನ್ನಾಗಿರುತ್ತದೆ. ಆದರೆ ಈ ಫಾಲ್ಗುಣ, ಚೈತ್ರ, ವೈಶಾಖದಲ್ಲಿ ಎಲ್ಲೂ ಹೋಗಬೇಡಿ ಅಂತ ಹೇಳುವುದಕ್ಕೇ ನಾನು ಇವತ್ತು ಬಂದಿದ್ದೇನೆ. ಹಿತ್ತಲಲ್ಲೇ ಕೂತುಕೊಳ್ಳಿ. ಹಿತ್ತಲು ಇಲ್ಲದಿದ್ದರೆ ಬಾಲ್ಕನಿ. ಅದೂ ಇಲ್ಲದಿದ್ದರೆ ಎದುರು ರಸ್ತೆಯ ಹೊಂಗೆಮರ ಕಾಣುವ ಒಂದು ಕಿಟಕಿ ಸಾಕು. ವರ್ಷದ ಬೇರೆ ದಿನಗಳಲ್ಲಿ ನಾವು ಹಕ್ಕಿಯ ಹಿಂದೆ ಹೋಗಬೇಕು. ಈ ಮೂರು ತಿಂಗಳು ಅವೇ ನಮ್ಮ ಮನೆಯ ಸುತ್ತ ಸಂಸಾರ ಹೂಡುತ್ತವೆ.

ನೋಡುವುದು ಹೇಗೆ? ಒಂದೇ ಒಂದು ಅಭ್ಯಾಸ ಮಾಡಿಕೊಳ್ಳಿ. ಹಕ್ಕಿ ಬಂದು ಕೂತ ಕೂಡಲೇ ಅದರ ಕೊಕ್ಕಿನಲ್ಲಿ ಏನಾದರೂ ಇದೆಯಾ ಅಂತ ನೋಡಿ. ಹೆಸರು ಆಮೇಲೆ. ಹೆಸರು ಗೊತ್ತಾದ ಕೂಡಲೇ ನಮ್ಮಲ್ಲಿ ಬಹಳ ಜನ ನೋಡುವುದನ್ನೇ ನಿಲ್ಲಿಸಿಬಿಡುತ್ತಾರೆ. "ಓ, ಪಿಕಳಾರ" ಅಂದು ಒಳಗೆ ಹೋಗುತ್ತಾರೆ. ಆ ಪಿಕಳಾರ ನಾರು ಹಿಡಿದಿತ್ತಾ, ಹುಳು ಹಿಡಿದಿತ್ತಾ, ಹಿಡಿದುಕೊಂಡು ಯಾವ ಕಡೆಗೆ ಹೋಯಿತು, ಅದನ್ನು ನೋಡಿರುವುದಿಲ್ಲ. ವಸಂತದ ಕತೆ ಇರುವುದೇ ಅಲ್ಲಿ.

ಹಕ್ಕಿ ತಾನೇ ತಿನ್ನುವುದಾದರೆ ಸಿಕ್ಕಿದ್ದನ್ನು ಅಲ್ಲೇ ನುಂಗುತ್ತದೆ. ಬಾಯಲ್ಲಿ ಹಿಡಿದುಕೊಂಡು ಹೊರಟಿದೆ ಅಂದರೆ ಅದು ತನಗಲ್ಲ. ಗೂಡಿಗೆ, ಜೊತೆಗಾತಿಗೆ, ಇಲ್ಲವೇ ಮರಿಗೆ. ಇಷ್ಟು ತಿಳಿದರೆ ಅರ್ಧ ತಿಳಿದ ಹಾಗೆ.

ಮೊದಲು ಸೂರಕ್ಕಿಯಿಂದ ಶುರು ಮಾಡೋಣ. ದಾಸವಾಳ, ಬಾಳೆ ಹೂವು, ನುಗ್ಗೆ ಹೂವು ಇರುವ ಮನೆಯಲ್ಲೆಲ್ಲ ಇದು ಬರುತ್ತದೆ. ಹೆಬ್ಬೆರಳಿನಷ್ಟು ಹಕ್ಕಿ. ಬಾಗಿದ ತೆಳು ಕೊಕ್ಕು. ಗಂಡಿನ ಬೆನ್ನು ಕಡುಗೆಂಪು, ಹೊಟ್ಟೆ ಹಳದಿ, ಬಿಸಿಲು ಬಿದ್ದರೆ ನೆತ್ತಿಯಲ್ಲಿ ಹಸಿರು ಹೊಳಪು. ಎಲ್ಲರೂ ಅದರ ಫೋಟೋ ತೆಗೆಯುತ್ತಾರೆ. ನೀವು ಈ ಕಾಲದಲ್ಲಿ ಹೆಣ್ಣನ್ನು ನೋಡಿ. ಮಾಸಲು ಬಣ್ಣದ, ಯಾರ ಕಣ್ಣಿಗೂ ಬೀಳದ ಹಕ್ಕಿ ಅದು. ಹೂವಿನ ಕಡೆ ಹೋಗದೆ ಗೋಡೆಯ ಮೂಲೆ, ಮೀಟರ್ ಬೋರ್ಡಿನ ಸಂದಿ, ಸಜ್ಜದ ಕೆಳಗೆ ಸುಳಿದಾಡುತ್ತಿದ್ದರೆ ಅದು ಜೇಡರ ಬಲೆ ಹುಡುಕುತ್ತಿದೆ ಅಂತ ಅರ್ಥ. ಬಲೆಯ ಎದುರು ಗಾಳಿಯಲ್ಲೇ ರೆಕ್ಕೆ ಬಡಿಯುತ್ತಾ ನಿಂತು ಎಳೆ ಎಳೆಯಾಗಿ ಕೊಕ್ಕಿಗೆ ಸುತ್ತಿಕೊಳ್ಳುತ್ತದೆ. ಹಬ್ಬಕ್ಕೆ ಮುಂಚೆ ನಾವು ಕಷ್ಟಪಟ್ಟು ತೆಗೆಯುವ ಬಲೆ ಅದಕ್ಕೆ ಬೇಕೇ ಬೇಕು. ಮನೆಯ ಹೊರಗಡೆಯ ಬಲೆಯನ್ನಾದರೂ ಈ ತಿಂಗಳುಗಳಲ್ಲಿ ಬಿಟ್ಟುಬಿಡಿ ಅಂತ ನಾನು ಕೇಳಿಕೊಳ್ಳುತ್ತೇನೆ.

ಜೇಡರ ಬಲೆಯೇ ಯಾಕೆ? ಅದು ಅಂಟುತ್ತದೆ, ಹಿಗ್ಗುತ್ತದೆ. ಸೂರಕ್ಕಿಯ ಗೂಡು ಕೊಂಬೆಯ ತುದಿಗೋ ತಂತಿಗೋ ನೇತುಬಿದ್ದ ಒಂದು ಚೀಲ. ತೊಗಟೆಯ ಚೂರು, ಒಣಹೂವು, ಹುಳುವಿನ ಹಿಕ್ಕೆ, ಏನೇನೋ ಕಸವನ್ನು ಬಲೆಯಿಂದ ಹೆಣೆದು ಮಾಡಿದ್ದು. ಬಾಗಿಲಿನ ಮೇಲೆ ಮಳೆನೀರು ಒಳಗೆ ಬೀಳದ ಹಾಗೆ ಚಿಕ್ಕ ಸೂರು ಬೇರೆ. ಒಳಗೆ ಎಕ್ಕದ ಅರಳೆ, ಬೂರುಗದ ಅರಳೆ ಹಾಸಿರುತ್ತದೆ. ಮರಿ ಬೆಳೆದ ಹಾಗೆ ಆ ಚೀಲ ಹಿಗ್ಗುತ್ತಾ ಹೋಗುತ್ತದೆ, ಮಗುವಿನ ಉಣ್ಣೆ ಸ್ವೆಟರ್ ಹಾಗೆ. ದೂರದಿಂದ ನೋಡಿದರೆ ಗಾಳಿಗೆ ಸಿಕ್ಕಿಕೊಂಡ ಕಸ ಅಂತಲೇ ಅನ್ನಿಸುತ್ತದೆ. ಕಸ ಅಂತ ಅನ್ನಿಸಬೇಕು ಅನ್ನುವುದೇ ಅದರ ಉದ್ದೇಶ. ಎಷ್ಟೋ ಮನೆಗಳಲ್ಲಿ ಪೊರಕೆಯಲ್ಲಿ ಹೊಡೆದು ಕೆಡವಿಬಿಡುತ್ತಾರೆ. ವರಾಂಡದಲ್ಲಿ ನೇತಾಡುವ ಕಸವನ್ನು ತೆಗೆಯುವ ಮುಂಚೆ ಹತ್ತು ನಿಮಿಷ ದೂರ ಕೂತು ನೋಡಿ, ಹಕ್ಕಿ ಬರುತ್ತದಾ ಅಂತ.

ಅರಳೆ ಹೋಗಿ ಕೊಕ್ಕಿನಲ್ಲಿ ಸಣ್ಣ ಜೇಡ, ಹಸಿರು ಹುಳು ಕಾಣಿಸಿಕೊಂಡ ದಿನ ಮರಿ ಹೊರಬಂದಿದೆ ಅಂತ ಬರೆದುಕೊಳ್ಳಿ. ಮಕರಂದ ಕುಡಿಯುವ ಹಕ್ಕಿ ಅಲ್ವಾ, ಮರಿಗೂ ಅದನ್ನೇ ಕುಡಿಸುತ್ತದೆ ಅಂದುಕೊಳ್ಳುತ್ತೇವೆ. ಇಲ್ಲ. ಮೈ ಬೆಳೆಯಬೇಕಾದರೆ ಪ್ರೋಟೀನ್ ಬೇಕು. ಕಾಳು ತಿನ್ನುವ ಗುಬ್ಬಚ್ಚಿಯೂ ತನ್ನ ಮರಿಗೆ ಹುಳುವನ್ನೇ ತರುತ್ತದೆ. ಹಣ್ಣು ತಿನ್ನುವ ಪಿಕಳಾರವೂ ಮೊದಲ ದಿನಗಳಲ್ಲಿ ಹುಳುವನ್ನೇ ತರುತ್ತದೆ.

ನಮ್ಮಲ್ಲಿ ಹಕ್ಕಿಗಳ ವಸಂತ ಈ ಹೊತ್ತಿಗೇ ಯಾಕೆ ಬರುತ್ತದೆ ಅನ್ನುವುದೂ ಇದರಿಂದ ತಿಳಿಯುತ್ತದೆ. ಮಾಘದಲ್ಲಿ ಎಲೆ ಉದುರುತ್ತದೆ. ಫಾಲ್ಗುಣದಲ್ಲಿ ಹೊಂಗೆ, ಅರಳಿ, ಮಾವು ಎಲ್ಲ ಚಿಗುರುತ್ತವೆ. ಎಳೆ ಚಿಗುರು ಮೆದು. ಚಿಟ್ಟೆ, ಪತಂಗ ಅದರ ಮೇಲೆಯೇ ಮೊಟ್ಟೆ ಇಡುತ್ತವೆ. ಚಿಗುರಿನ ಹಿಂದೆಯೇ ಹುಳು, ಹುಳುವಿನ ಹಿಂದೆಯೇ ಹಕ್ಕಿ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ ಮಳೆ ಒಂದೆರಡು ಸಲ ಹೊಡೆದರೆ ರೆಕ್ಕೆ ಬಂದ ಗೆದ್ದಲು, ನಾವು ಈಸಲು ಅನ್ನುತ್ತೇವಲ್ಲ, ಅದು ನೆಲದಿಂದ ಏಳುತ್ತದೆ. ಆ ಸಂಜೆ ಕಾಗೆ, ಗೊರವಂಕ, ಮಡಿವಾಳ, ಕಾಜಾಣ ಎಲ್ಲವೂ ನೆಲದಲ್ಲಿ, ಗಾಳಿಯಲ್ಲಿ ಮುಗಿಬೀಳುತ್ತವೆ. ಮಳೆ ನಿಂತ ಕೂಡಲೇ ಹೊರಗೆ ಬನ್ನಿ, ಟಿವಿ ಆಮೇಲೆ ನೋಡಬಹುದು.

ಈಗ ಕೊಕ್ಕಿನಲ್ಲಿ ಏನೂ ಕಾಣದ ಹಕ್ಕಿಯ ವಿಷಯ. ಬೆಳವ. ಕಿಟಕಿಯ ಸಜ್ಜದ ಮೇಲೆ, ಎಸಿ ಪೆಟ್ಟಿಗೆಯ ಹಿಂದೆ ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಗೂಡು ಅಂತ ಮಾಡಿಕೊಳ್ಳುತ್ತದಲ್ಲ, ಅದೇ. ಗಂಡು ಒಂದೊಂದೇ ಕಡ್ಡಿ ತಂದುಕೊಡುತ್ತದೆ. ಹೆಣ್ಣು ಕೂತಲ್ಲಿಂದಲೇ ತನ್ನ ಮೈ ಕೆಳಗೆ ತುರುಕಿಕೊಳ್ಳುತ್ತದೆ. ಕಡ್ಡಿ ಹಿಡಿದ ಬೆಳವ ಕಾಣುತ್ತದೆ. ಆದರೆ ಮರಿ ಆದಮೇಲೆ ಹುಳು ಹಿಡಿದ ಬೆಳವ ಕಾಣುವುದೇ ಇಲ್ಲ. ಎರಡಕ್ಕೂ, ಅಪ್ಪನಿಗೂ ಅಮ್ಮನಿಗೂ, ಗಂಟಲ ಚೀಲದ ಒಳಪದರದಲ್ಲಿ ಹಾಲಿನಂಥ ಗಟ್ಟಿ ಆಹಾರ ಊರುತ್ತದೆ. ಮರಿ ತನ್ನ ಕೊಕ್ಕನ್ನು ದೊಡ್ಡದರ ಬಾಯೊಳಗೆ ಇಟ್ಟು ಅದನ್ನು ಹೀರಿಕೊಳ್ಳುತ್ತದೆ. ಅಪ್ಪನೂ ಹಾಲೂಡಿಸುವ ಹಕ್ಕಿ ನಮ್ಮ ಕಿಟಕಿಯ ಮೇಲೆ ಇದೆ, ನಾವು ಅದನ್ನು ಶೂ ಅಂತ ಓಡಿಸುತ್ತೇವೆ! ಹುಳುವಿಗಾಗಿ ಕಾಯಬೇಕಾಗಿಲ್ಲದ್ದರಿಂದ ಬೆಳವ, ಪಾರಿವಾಳಗಳು ವರ್ಷದ ಯಾವ ತಿಂಗಳಲ್ಲಾದರೂ ಮರಿ ಮಾಡುತ್ತವೆ.

ಇನ್ನೊಂದು ನೋಟ ಇದೆ. ಇದನ್ನು ನೋಡಿದವರು ಕಡಿಮೆ, ಯಾಕಂದರೆ ನೋಡಬೇಕು ಅಂತ ಯಾರೂ ಹೇಳಿರುವುದಿಲ್ಲ. ಪಿಕಳಾರವೋ ಸಿಂಪಿಗವೋ ಗೂಡಿಗೆ ಹುಳು ತಂದು, ವಾಪಸ್ ಹೋಗುವಾಗ ಕೊಕ್ಕಿನಲ್ಲಿ ಬಿಳಿ ಗುಳಿಗೆಯಂಥದ್ದನ್ನು ಹಿಡಿದು ಹೋಗುತ್ತದೆ. ಅದು ಮರಿಯ ಹಿಕ್ಕೆ. ತೆಳುವಾದ ಪೊರೆಯೊಳಗೆ ಕಟ್ಟಿಕೊಂಡೇ ಹೊರಬರುತ್ತದೆ. ತುತ್ತು ನುಂಗಿದ ಕೂಡಲೇ ಮರಿ ತಿರುಗಿ ಬಾಲ ಎತ್ತುತ್ತದೆ, ದೊಡ್ಡದು ಅದನ್ನು ಎತ್ತಿಕೊಂಡು ಹೋಗಿ ದೂರದಲ್ಲಿ ಬಿಸಾಡುತ್ತದೆ. ತೀರಾ ಎಳೆಯ ಮರಿಯದ್ದಾದರೆ ನುಂಗಿಬಿಡುವುದೂ ಉಂಟು. ಗೂಡು ಶುಚಿಯಾಗಿರುತ್ತದೆ, ವಾಸನೆಗೂ ಬಿಳಿ ಕಲೆಗೂ ಶತ್ರು ಬರುವುದಿಲ್ಲ. ಗೂಡು ಎಲ್ಲಿದೆ ಅಂತ ಕಾಣದಿದ್ದರೂ ಈ ಬಿಳಿ ಗುಳಿಗೆ ಕಂಡರೆ ಹತ್ತಿರದಲ್ಲೇ ಮರಿ ಇದೆ ಅಂತ ಖಂಡಿತವಾಗಿ ಹೇಳಬಹುದು. ನನಗೆ ಹಕ್ಕಿ ಲೋಕದಲ್ಲಿ ತುಂಬಾ ಇಷ್ಟವಾದ ದೃಶ್ಯಗಳಲ್ಲಿ ಇದೂ ಒಂದು. ಬಣ್ಣ ಇಲ್ಲ, ಹಾಡಿಲ್ಲ. ಮನೆಗೆಲಸ ಅಷ್ಟೇ. ಬೆಳಗಿನಿಂದ ಸಂಜೆವರೆಗೆ ಬಿಡುವಿಲ್ಲದ ಮನೆಗೆಲಸ.

ಸಿಂಪಿಗದ ಹೆಸರು ಹೇಳಿದೆ. ದರ್ಜಿ ಹಕ್ಕಿ ಅಂತಲೂ ಕರೆಯುತ್ತಾರೆ. "ಟುವಿ ಟುವಿ ಟುವಿ" ಅಂತ ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಮೈಯಿಂದ ಬರುತ್ತದೆ ಅಂತ ನಂಬುವುದೇ ಕಷ್ಟ. ಹೆಣ್ಣು ಅಗಲ ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಅದರೊಳಗೆ ನಾರನ್ನೋ ಜೇಡರ ಎಳೆಯನ್ನೋ ತೂರಿಸಿ ಎರಡೂ ಅಂಚನ್ನು ಸೇರಿಸುತ್ತದೆ. ಗಂಟು ಹಾಕುವುದಿಲ್ಲ. ಹೊರಗೆ ಬಂದ ನಾರಿನ ತುದಿ ಉಬ್ಬಿಕೊಂಡು ತಾನೇ ಹಿಡಿದುಕೊಳ್ಳುತ್ತದೆ. ಎಲೆಯ ಮೇಲ್ಮೈ ಹೊರಗೇ ಇರುವುದರಿಂದ, ಎಲೆಗೆ ಜೀವ ಇರುವುದರಿಂದ, ಗಿಡದಲ್ಲಿ ಗೂಡಿದೆ ಅಂತ ಗೊತ್ತಾಗುವುದೇ ಇಲ್ಲ. ಅದು ಮೊಣಕಾಲೆತ್ತರದ ಬದನೆ ಗಿಡದಲ್ಲೂ ಇರಬಹುದು. ಹಾಗಾಗಿ ಈ ಕಾಲದಲ್ಲಿ ಗಿಡ ಕತ್ತರಿಸುವ ಮುಂಚೆ ಒಂದು ಸಲ ಬಗ್ಗಿ ನೋಡಿ.

ಇನ್ನು ಕೋಗಿಲೆ. ಚೈತ್ರ ಬಂತು, ಕೋಗಿಲೆ ಬಂತು ಅನ್ನುತ್ತೇವೆ. ಅದು ಎಲ್ಲಿಂದಲೂ ಬಂದಿಲ್ಲ. ವರ್ಷವಿಡೀ ಇಲ್ಲೇ ಇರುತ್ತದೆ. ಚಳಿಗಾಲದಲ್ಲಿ ಹೆಚ್ಚುಕಮ್ಮಿ ಬಾಯಿ ಮುಚ್ಚಿಕೊಂಡು ಅತ್ತಿ, ಬಸರಿ ಹಣ್ಣು ತಿನ್ನುತ್ತಾ ಎಲೆಯ ಮರೆಯಲ್ಲಿರುತ್ತದೆ. ಈಗ ಕುಹೂ ಕುಹೂ ಅಂತ ಏರುದನಿಯಲ್ಲಿ ಕೂಗುವುದು ಗಂಡು. ಮೈ ಪೂರ್ತಿ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು, ಮೈತುಂಬಾ ಬಿಳಿ ಚುಕ್ಕೆ. ಅದರ ಕೂಗು "ಕಿಕ್ ಕಿಕ್ ಕಿಕ್" ಅಂತ ಗಾಬರಿಯಾದ ಹಾಗೆ. ಎಷ್ಟೋ ಜನ ಹೆಣ್ಣು ಕೋಗಿಲೆಯನ್ನು ನೋಡಿ ಯಾವುದೋ ಬೇರೆ ಹಕ್ಕಿ ಅಂದುಕೊಂಡಿರುತ್ತಾರೆ.

ಆದರೆ ಕೋಗಿಲೆಯನ್ನು ತಿಳಿಯಬೇಕಾದರೆ ಕಾಗೆಯನ್ನು ನೋಡಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಕಾಗೆಯ ಕೊಕ್ಕಿನಲ್ಲಿ ಒಣಕಡ್ಡಿ, ಕಬ್ಬಿಣದ ತಂತಿ, ಕೆಲವು ಸಲ ಬಟ್ಟೆ ನೇತುಹಾಕುವ ಹ್ಯಾಂಗರ್ ಕೂಡ ಕಾಣುತ್ತದೆ. ಅದು ಯಾವ ಮರಕ್ಕೆ ಹೋಗುತ್ತದೆ ಅಂತ ಗುರುತು ಮಾಡಿಕೊಳ್ಳಿ. ನೀವು ಗುರುತು ಮಾಡಿಕೊಳ್ಳುವ ಹೊತ್ತಿಗೆ ಕೋಗಿಲೆಯೂ ಗುರುತು ಮಾಡಿಕೊಂಡಿರುತ್ತದೆ. ಕಾಗೆ ತನ್ನ ಮೊದಲ ಮೊಟ್ಟೆ ಇಟ್ಟ ಒಂದೆರಡು ದಿನದೊಳಗೆ ಹೆಣ್ಣು ಕೋಗಿಲೆ ತನ್ನದನ್ನು ಸೇರಿಸಲು ನೋಡುತ್ತದೆ. ಕೆಲವು ಸಲ ಗಂಡು ಗೂಡಿನ ಹತ್ತಿರ ಹೋಗಿ ಕಾಗೆಗಳನ್ನು ಕೆಣಕುತ್ತದೆ, ಅವು ಅದನ್ನು ಅಟ್ಟಿಸಿಕೊಂಡು ಹೋದಾಗ ಹೆಣ್ಣು ಒಳಗೆ ಹೋಗಿ ಕೆಲಸ ಮುಗಿಸುತ್ತದೆ. ಹೆಚ್ಚಿನ ಸಲ ಹೆಣ್ಣು ಒಂಟಿಯಾಗಿಯೇ ಹೊಂಚು ಹಾಕುತ್ತದೆ. ಏಪ್ರಿಲ್, ಮೇನಲ್ಲಿ ಕಾಗೆ ಕೋಗಿಲೆಯನ್ನು ಬೆನ್ನಟ್ಟುವುದನ್ನು ಕಂಡರೆ ಹತ್ತಿರದಲ್ಲಿ ಕಾಗೆಗೂಡು ಇದೆ ಅಂತಲೇ ಲೆಕ್ಕ.

ಕೋಗಿಲೆಯ ಮರಿ ಕಾಗೆ ಮರಿಗಿಂತ ಎರಡು ಮೂರು ದಿನ ಮೊದಲೇ ಮೊಟ್ಟೆಯೊಡೆದು ಬರುತ್ತದೆ. ಆ ಎರಡು ಮೂರು ದಿನದ ಮುನ್ನಡೆಯೇ ಅದಕ್ಕೆ ಸಾಕು, ತಿನ್ನುವುದರಲ್ಲಿ ಮುಂದಿರುತ್ತದೆ. ಯುರೋಪಿನ ಕುಕ್ಕೂ ಹಕ್ಕಿಯ ಮರಿ ಗೂಡಿನ ಉಳಿದ ಮೊಟ್ಟೆಗಳನ್ನೆಲ್ಲ ಬೆನ್ನಿನಿಂದ ತಳ್ಳಿ ಕೆಡವುತ್ತದೆ. ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಹಾಗೆ ಮಾಡುವುದಿಲ್ಲ. ಕಾಗೆ ಮರಿ ಜೊತೆಗೇ ಬೆಳೆಯುವುದುಂಟು. ಮೇ, ಜೂನ್ ಹೊತ್ತಿಗೆ ಕಾಗೆಯೊಂದು ತನ್ನ ಹಾಗಿಲ್ಲದ ಮರಿಗೆ ತುತ್ತಿಡುವುದನ್ನು ನಿಮ್ಮ ತಾರಸಿಯಿಂದಲೇ ನೋಡಬಹುದು. ಕಾಗೆ ದಡ್ಡ, ಕೋಗಿಲೆ ಮೋಸಗಾರ ಅನ್ನುವ ಮಾತು ಬೇಡ. ದೊಡ್ಡ ಕೋಗಿಲೆಯನ್ನು ಕಂಡರೆ ಕಾಗೆ ಬಿಡುವುದಿಲ್ಲ, ಅಷ್ಟು ಚೆನ್ನಾಗಿ ಶತ್ರು ಅಂತ ಗೊತ್ತು. ತನ್ನ ಗೂಡಿನಲ್ಲಿ ಬಾಯಿ ತೆರೆದ ಮರಿಯನ್ನು ಮಾತ್ರ ಅದು ಬಿಟ್ಟುಹೋಗುವುದಿಲ್ಲ. ಅದರಲ್ಲಿ ದಡ್ಡತನ ನನಗೆ ಕಾಣುವುದಿಲ್ಲ.

ಕುಟುರ ಹಕ್ಕಿ ಮತ್ತು ಕಂಚುಗಾರ ಹಕ್ಕಿಯ ಬಗ್ಗೆ ಹೇಳಲೇಬೇಕು, ಯಾಕಂದರೆ ಅವುಗಳ ಬದುಕು ನಮ್ಮ ಕೈಯಲ್ಲಿದೆ. "ಕುಟ್ರೂ ಕುಟ್ರೂ" ಅಂತ ಬೆಳಗಿನಿಂದ ಸಂಜೆವರೆಗೆ ಕೂಗುವುದು ಮೊದಲನೆಯದು. ಹಸಿರು ಮೈ, ಕೆನ್ನೆ ಬಿಳಿ. ಮಧ್ಯಾಹ್ನದ ಬಿಸಿಲಲ್ಲೂ "ಟುಕ್ ಟುಕ್ ಟುಕ್" ಅಂತ ಒಂದೇ ಸಮ ತಟ್ಟುವ ದನಿ ಎರಡನೆಯದರದ್ದು. ಎರಡೂ ಒಣಕೊಂಬೆಯಲ್ಲಿ ತೂತು ಕೊರೆದು ಗೂಡು ಮಾಡುತ್ತವೆ. ಆಗ ಅವುಗಳ ಕೊಕ್ಕಿನಿಂದ ಬೀಳುವುದು ಮರದ ಪುಡಿ. ನುಗ್ಗೆ, ಹಾಲಿವಾಣದಂಥ ಮೆದುಮರ ಕಂಚುಗಾರನಿಗೆ ಇಷ್ಟ. ಅಡ್ಡಕೊಂಬೆಯಾದರೆ ತೂತು ಕೆಳಮೈಯಲ್ಲಿರುತ್ತದೆ, ಮಳೆನೀರು ಒಳಗೆ ಹೋಗುವುದಿಲ್ಲ. ಕುಟುರ ಗಂಡು ಹಣ್ಣು ಹಿಡಿದು ತಿನ್ನದೆ ಸುಮ್ನೆ ಕೂತಿದ್ದರೆ ಸ್ವಲ್ಪ ಕಾಯಿರಿ. ಹೆಣ್ಣಿನ ಬಾಯಿಗೆ ಅದನ್ನು ಕೊಡುತ್ತದೆ, ಆಮೇಲೆ ಕೂಡುತ್ತದೆ.

ಕುಟುರಕ್ಕೆ ತೂತು ಕೊರೆಯಲು ಸುಮಾರು ಮೂರು ವಾರ ಬೇಕು. ಕಾವು ಎರಡು ವಾರ. ಮರಿ ಹಾರಲು ಐದು ವಾರ. ಅಂದರೆ ಆ ಒಣಕೊಂಬೆ ಎರಡು ತಿಂಗಳಿಗೂ ಮೇಲೆ ಗಟ್ಟಿಯಾಗಿ ನಿಂತಿರಬೇಕು. ನಾವು ಏನು ಮಾಡುತ್ತೇವೆ? ಮಳೆಗಾಲ ಬರುವ ಮುಂಚೆ ಕೊಂಬೆ ಕಡಿಸಬೇಕು ಅಂತ ಏಪ್ರಿಲ್, ಮೇ ತಿಂಗಳಲ್ಲೇ ಗರಗಸ ತರಿಸುತ್ತೇವೆ. ಗೂಡುಗಳು ಅತಿ ಹೆಚ್ಚು ಇರುವ ತಿಂಗಳು ಅದೇ. ಕೊಂಬೆ ಮನೆ ಮೇಲೋ ಕರೆಂಟು ತಂತಿ ಮೇಲೋ ಬೀಳುವ ಹಾಗಿದ್ದರೆ ಕಡಿಯಲೇಬೇಕು, ಅದರಲ್ಲಿ ವಾದವಿಲ್ಲ. ಉಳಿದದ್ದನ್ನು ಡಿಸೆಂಬರ್‌ನಲ್ಲೇ ಮುಗಿಸಿ. ಯಾರಿಗೂ ಅಪಾಯವಿಲ್ಲದ ಒಣಕೊಂಬೆಯನ್ನು ಮರದಲ್ಲೇ ಬಿಡಿ. ಕುಟುರ ಬಿಟ್ಟುಹೋದ ತೂತಿಗೆ ಮುಂದೆ ಮಡಿವಾಳ ಬರುತ್ತದೆ, ಗೊರವಂಕ ಬರುತ್ತದೆ. ನಮ್ಮ ಬಡಾವಣೆಯ ಸಂಘ ಒಂದು ನಿರ್ಧಾರ ಮಾಡುವುದಾದರೆ ಇದನ್ನೇ ಮಾಡಲಿ. ಗುಬ್ಬಿ ಪೆಟ್ಟಿಗೆ ಹಂಚುವುದಕ್ಕಿಂತ ಇದರಿಂದ ಜಾಸ್ತಿ ಹಕ್ಕಿ ಉಳಿಯುತ್ತವೆ ಅಂತ ನನ್ನ ನಂಬಿಕೆ.

ಎಲ್ಲ ಹಕ್ಕಿಗಳೂ ಸಂಸಾರ ಹೂಡುವುದಿಲ್ಲ. ಕೆಲವು ಈಗ ಗಂಟುಮೂಟೆ ಕಟ್ಟುತ್ತವೆ. ಚಳಿಗಾಲಕ್ಕೆ ಬಂದಿದ್ದ ಎಲೆ ಉಲಿಯಕ್ಕಿ, ಹೊಂಗೆಯ ಚಿಗುರಲ್ಲಿ ಒಂದು ಕಡೆ ನಿಲ್ಲದೆ ಹುಳು ಹೆಕ್ಕುತ್ತಿರುತ್ತದೆ. ಹತ್ತು ಗ್ರಾಮ್ ಕೂಡ ತೂಗದ ಹಕ್ಕಿ. ಏಪ್ರಿಲ್ ಹೊತ್ತಿಗೆ ಹಿಮಾಲಯಕ್ಕೆ, ಅದರಾಚೆಯ ಏಷ್ಯಾಕ್ಕೆ ಹೊರಡುತ್ತದೆ. ನೀರಿನ ಟ್ಯಾಂಕಿನ ಸುತ್ತ ಬಾಲ ಕುಣಿಸುವ ಬೂದು ಸಿಪಿಲೆಯ ಗಂಡಿಗೆ ಹೊರಡುವ ಮುಂಚೆ ಗಂಟಲು ಕಪ್ಪಾಗುತ್ತದೆ. ಬೂರುಗ, ಮುತ್ತುಗ ಹೂಬಿಟ್ಟಲ್ಲಿ ಗುಲಾಬಿ ಕಬ್ಬಕ್ಕಿಗಳ ಹಿಂಡು ಗದ್ದಲ ಮಾಡುತ್ತದೆ, ಆಮೇಲೆ ಒಂದು ದಿನ ಇರುವುದಿಲ್ಲ. ಕೊನೆಯ ಸಲ ಕಂಡದ್ದು ಯಾವತ್ತು ಅಂತ ಬರೆದುಕೊಳ್ಳುವುದು ಕಷ್ಟ. ಇವತ್ತು ಕೊನೆ ಅಂತ ಅವತ್ತು ಗೊತ್ತಿರುವುದಿಲ್ಲವಲ್ಲ. ಅದಕ್ಕೇ ದಿನಾ ಬರೆಯಬೇಕು.

ಬರೆಯುವ ಮಾತು ಬಂತು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ತಾರೀಕು, ಹೊತ್ತು, ಹಕ್ಕಿ, ಕೊಕ್ಕಿನಲ್ಲಿ ಏನು, ಯಾವ ಕಡೆ ಹೋಯಿತು. ಇಷ್ಟೇ. ಮೊಬೈಲಿನಲ್ಲಿ ಬರೆಯುವವರಿಗೆ ಇ-ಬರ್ಡ್ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಹಕ್ಕಿ ಪ್ರಯೋಗಾಲಯ ಆಡೂಬಾನ್ ಸಂಸ್ಥೆಯ ಜೊತೆ 2002ರಲ್ಲಿ ಶುರು ಮಾಡಿದ್ದು. ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡ, ಕೇಳಿದ ಎಲ್ಲ ಹಕ್ಕಿಯನ್ನೂ ಪಟ್ಟಿ ಮಾಡುವುದು ಅದರ ಒಳ್ಳೆಯ ಅಭ್ಯಾಸ. ಅದರಲ್ಲಿ ಹಕ್ಕಿಯ ಹೆಸರಿನ ಜೊತೆ ಅದು ಏನು ಮಾಡುತ್ತಿತ್ತು ಅಂತಲೂ ಗುರುತು ಹಾಕಬಹುದು. ಗೂಡಿನ ಸಾಮಾನು ಹೊತ್ತಿತ್ತು, ಆಹಾರ ಹೊತ್ತಿತ್ತು, ಮರಿಯ ಹಿಕ್ಕೆ ಹೊತ್ತಿತ್ತು, ಹೀಗೆ. ಬಹಳ ಜನ ಹೆಸರು, ಸಂಖ್ಯೆ ಬರೆದು ಬಿಟ್ಟುಬಿಡುತ್ತಾರೆ. ನಿಮ್ಮ ಹಿತ್ತಲಿನಿಂದ ನೀವು ಈ ಗುರುತು ಸೇರಿಸಿದರೆ ಯಾವ ಊರಲ್ಲಿ ಯಾವ ಹಕ್ಕಿ ಯಾವಾಗ ಮರಿ ಮಾಡುತ್ತದೆ ಅನ್ನುವುದು ನಾಡಿಗೇ ತಿಳಿಯುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಿತ್ತಲ ಹಕ್ಕಿಗಳ ಎಣಿಕೆ ಅಮೆರಿಕದಲ್ಲಿ 1998ರಲ್ಲಿ ಶುರುವಾಯಿತು. ಭಾರತ 2013ರಿಂದ ಸೇರಿಕೊಂಡಿದೆ. ಈ ಸಲದ್ದು ಮುಗಿದಿದೆ, ಮುಂದಿನ ಸಲ ಎಲ್ಲರೂ ಸೇರೋಣ.

ಮನೆಯ ಹತ್ತಿರ ಕೂತು ನೋಡಿದರೆ ಏನು ಸಿಗುತ್ತದೆ ಅಂತ ಕೇಳುವವರಿಗೆ ಸಲೀಂ ಅಲಿಯವರ ಉದಾಹರಣೆ ಕೊಡುತ್ತೇನೆ. ಅವರಿಗೆ ಕೆಲಸ ಹೋಗಿತ್ತು. ಮುಂಬೈ ಹತ್ತಿರ ಕಡಲತೀರದ ಕಿಹೀಮ್ ಅನ್ನುವ ಹಳ್ಳಿಯ ಮನೆಗೆ ಹೋಗಿ ಉಳಿದರು. ಹತ್ತಿರದಲ್ಲೇ ಗೀಜಗಗಳ ಗೂಡು. ಮಳೆಗಾಲ ಪೂರ್ತಿ ಅವನ್ನೇ ನೋಡಿದರು. ಗಂಡು ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ, ಹೆಣ್ಣು ಬಂದು ಪರೀಕ್ಷೆ ಮಾಡಿ ಒಪ್ಪಿದರೆ ಮಾತ್ರ ಪೂರ್ತಿ ಮಾಡುತ್ತದೆ, ಆಮೇಲೆ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ ಅನ್ನುವುದನ್ನು ಅಲ್ಲಿ ಕಂಡುಕೊಂಡರು. ದೇಶದ ಹಕ್ಕಿ ವಿಜ್ಞಾನಿಯಾಗಿ ಅವರಿಗೆ ಹೆಸರು ತಂದದ್ದು ಆ ಕೆಲಸ. 1939-40ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಲು ಬಂದದ್ದೂ ಅವರೇ.

ಹಕ್ಕಿಗೆ ನಾವು ಏನು ಕೊಡಬಹುದು? ನೀರು. ಕಾಳಿಗಿಂತ ನೀರು ಮುಖ್ಯ. ಎರಡು ಮೂರು ಬೆರಳಿನಷ್ಟು ಮಾತ್ರ ಆಳವಿರುವ ಅಗಲವಾದ ಮಣ್ಣಿನ ತಟ್ಟೆ, ಮಧ್ಯೆ ಒಂದು ಕಲ್ಲು. ನೆರಳಲ್ಲಿ ಇಡಿ. ಬೆಕ್ಕು ಅಡಗಿ ಕೂರುವ ಪೊದೆಯ ಪಕ್ಕದಲ್ಲಿ ಇಡಬೇಡಿ. ದಿನಾ ಬೆಳಗ್ಗೆ ಉಜ್ಜಿ ತೊಳೆದು ಹೊಸ ನೀರು ತುಂಬಿ, ಸೊಳ್ಳೆ ಮರಿ ಆಗುವುದಿಲ್ಲ. ಮಣಗಟ್ಟಲೆ ಕಾಳು ಸುರಿದರೆ ಬರುವುದು ಪಾರಿವಾಳ ಮಾತ್ರ, ಅವು ನಗರಗಳಲ್ಲಿ ಈಗಾಗಲೇ ಹೆಚ್ಚಾಗಿವೆ. ಉಪ್ಪು ಹಾಕಿದ ಅನ್ನ, ಬ್ರೆಡ್ಡು ಬೇಡ. ಅದರ ಬದಲು ಒಂದು ಗಸಗಸೆ ಹಣ್ಣಿನ ಮರ ನೆಡಿ. ಕರಿ ಬೇವಿನ ಹಣ್ಣನ್ನು ಕೀಳದೆ ಬಿಡಿ, ಪಿಕಳಾರ, ಕೋಗಿಲೆ ಎರಡೂ ತಿನ್ನುತ್ತವೆ. ದಾಸವಾಳಕ್ಕೆ ಬಿಳಿ ಹುಳು ಬಂತು ಅಂತ ವಿಷ ಹೊಡೆಯಬೇಡಿ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟರೆ ಹೋಗುತ್ತದೆ. ವಿಷ ಬಿದ್ದ ಹುಳುವನ್ನೇ ಅಲ್ವಾ ಮರಿಯ ಬಾಯಿಗೆ ಇಡುವುದು?

ಇನ್ನೊಂದು ವಿನಂತಿ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಹತ್ತಿರ ಕರೆಯುವ ಅಭ್ಯಾಸ ಬಂದಿದೆ. ಈ ಕಾಲದಲ್ಲಿ ಅದನ್ನು ಮಾಡಲೇಬಾರದು. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಮಡಿವಾಳ ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಮರಿಗೆ ಹುಳು ತರುವ ಹೊತ್ತು ಅಷ್ಟು ಕಳೆದುಹೋಯಿತು. ಗೂಡಿನ ಫೋಟೋ ಕೂಡ ಬೇಡ. ನಾವು ಪದೇ ಪದೇ ಹೋಗಿ ಇಣುಕುವುದನ್ನು ಕಾಗೆ ನೋಡುತ್ತಿರುತ್ತದೆ.

ಈಗ ಪ್ರಶ್ನೆಗಳು.

ಒಬ್ಬ ಹುಡುಗ ಕೇಳಿದ: "ಅಂಕಲ್, ಮರಿ ನೆಲಕ್ಕೆ ಬಿದ್ದಿದ್ದರೆ ಮನೆಗೆ ತರಬಹುದಾ?"

ಮೈಯಲ್ಲಿ ಗರಿ ಬಂದಿದೆಯಾ, ಕಾಲ ಮೇಲೆ ನಿಂತು ಕುಪ್ಪಳಿಸುತ್ತಿದೆಯಾ ಅಂತ ಮೊದಲು ನೋಡು, ಮಗು. ಬಂದಿದ್ದರೆ ಅದು ಬಿದ್ದಿದ್ದಲ್ಲ, ಗೂಡಿನಿಂದ ತಾನೇ ಹೊರಟಿದ್ದು. ಹಾರುವುದು ಬರುವ ಮುಂಚೆ ಕೆಲವು ದಿನ ಹಾಗೇ ಇರುತ್ತದೆ. ಅಪ್ಪ ಅಮ್ಮ ಹತ್ತಿರದಲ್ಲೇ ಹುಳು ಹಿಡಿದು ಕಾಯುತ್ತಿರುತ್ತವೆ, ನೀನು ನಿಂತಿದ್ದರೆ ಬರುವುದಿಲ್ಲ. ಬೆಕ್ಕು ನಾಯಿ ಇದ್ದರೆ ಮರಿಯನ್ನು ಎತ್ತಿ ಹತ್ತಿರದ ಕೊಂಬೆಯ ಮೇಲೆ ಕೂರಿಸಿ ದೂರ ಹೋಗು. ಗರಿಯೇ ಇಲ್ಲದ ಮರಿಯಾದರೆ, ಗೂಡು ಕಾಣುತ್ತಿದ್ದರೆ, ದೊಡ್ಡವರನ್ನು ಕರೆದು ಗೂಡಿಗೇ ಇಡಿಸು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಮರಿಯ ಬಾಯಿಗೆ ನೀರು, ಹಾಲು ಹಾಕಬೇಡ, ಉಸಿರಾಟಕ್ಕೆ ಸಿಕ್ಕಿಕೊಳ್ಳುತ್ತದೆ. ಹಾಗೆಯೇ ಗಿಳಿ ಮರಿ ಸಿಕ್ಕಿತು ಅಂತ ಪಂಜರದಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಇನ್ನೊಬ್ಬರು: "ದಿನಾ ಬೆಳಗ್ಗೆ ಒಂದು ಹಕ್ಕಿ ನಮ್ಮ ಕಾರಿನ ಕನ್ನಡಿಗೆ ಕುಕ್ಕುತ್ತದೆ. ತಲೆ ಕೆಟ್ಟಿದೆಯಾ ಸಾರ್?"

ಕೆಟ್ಟಿಲ್ಲ ಸಾರ್. ಕನ್ನಡಿಯಲ್ಲಿ ಕಾಣುವುದನ್ನು ತನ್ನ ಜಾಗಕ್ಕೆ ಬಂದ ಇನ್ನೊಂದು ಹಕ್ಕಿ ಅಂತ ತಿಳಿದು ಓಡಿಸಲು ನೋಡುತ್ತಿದೆ. ಅದು ಓಡುವುದೇ ಇಲ್ಲವಲ್ಲ, ಹಾಗಾಗಿ ಇದೂ ಬಿಡುವುದಿಲ್ಲ. ಸುಸ್ತಾಗುತ್ತದೆ, ಗೂಡಿನ ಕೆಲಸ ಕೆಡುತ್ತದೆ. ಕಾರು ನಿಲ್ಲಿಸಿದಾಗ ಕನ್ನಡಿಯ ಮೇಲೆ ಒಂದು ಬಟ್ಟೆ ಚೀಲ ಹಾಕಿ. ಮರಿ ಹಾರಿಹೋದಮೇಲೆ ತೆಗೆಯಬಹುದು.

ಹಿಂದಿನ ಸಾಲಿನ ಒಬ್ಬ ಅಮ್ಮ: "ವರಾಂಡದ ಬಲ್ಬಿನ ತಂತಿಗೆ ಸೂರಕ್ಕಿ ಗೂಡು ಕಟ್ಟಿದೆ. ಮೇನಲ್ಲಿ ಮಗಳ ಮದುವೆ. ಸುಣ್ಣಬಣ್ಣ ಮಾಡಿಸಬೇಕು. ಗೂಡನ್ನು ಪಕ್ಕಕ್ಕೆ ಕಟ್ಟಬಹುದಾ?"

ಬೇಡಮ್ಮ. ಜಾಗ ಬದಲಿಸಿದರೆ ಗೂಡು ಬಿಟ್ಟುಹೋಗುವ ಸಾಧ್ಯತೆಯೇ ಹೆಚ್ಚು. ಕೊಕ್ಕಿನಲ್ಲಿ ಅರಳೆ ತರುತ್ತಿದೆಯಾ, ಹುಳು ತರುತ್ತಿದೆಯಾ ನೋಡಿ ಹೇಳಿ. ಅರಳೆಯಾದರೆ ಇನ್ನು ಮೊಟ್ಟೆ ಇಡಬೇಕು. ಇಟ್ಟಮೇಲೆ ಕಾವಿಗೆ ಎರಡು ವಾರ, ಮರಿಗೆ ಎರಡೂವರೆ ವಾರ, ಒಟ್ಟು ಸುಮಾರು ಒಂದು ತಿಂಗಳು. ಈಗ ಶುರುವಾಗಿದ್ದರೆ ಏಪ್ರಿಲ್ ಕೊನೆಯ ಹೊತ್ತಿಗೆ ಮುಗಿದಿರುತ್ತದೆ. ಮನೆಯ ಬೇರೆ ಕಡೆಯೆಲ್ಲ ಮೊದಲು ಬಣ್ಣ ಮಾಡಿಸಿ, ವರಾಂಡ ಕೊನೆಗೆ ಇಟ್ಟುಕೊಳ್ಳಿ. ಆ ಬಲ್ಬು ರಾತ್ರಿ ಹಾಕಬೇಡಿ, ಬೇರೆ ದೀಪ ಇಟ್ಟುಕೊಳ್ಳಿ. ಮರಿ ಹಾರಿದಮೇಲೂ ಒಂದು ವಾರ ಗೂಡು ಮುಟ್ಟಬೇಡಿ, ಕೆಲವು ಸಲ ಅದೇ ಗೂಡಿಗೆ ಮತ್ತೆ ಬರುವುದುಂಟು. ಬಣ್ಣ ಹೊಡೆಯುವವರಿಗೆ ನೀವೇ ನಿಂತು ಹೇಳಿ, ಅವರು ಬಂದ ಕೂಡಲೇ ಮೊದಲು ಕೀಳುವುದು ತಂತಿಗೆ ನೇತಾಡುವ ಕಸವನ್ನೇ.